ಎರೆಹುಳುವಿನ ಕಡಲ ನೆಂಟ



ಮಳೆ ಬಿದ್ದ ಮರುದಿನ ಹೊಲದ ಬದುವಿನಲ್ಲಿ ಎರೆಹುಳು ಹರಿದಾಡುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ನೆಂಟನೊಬ್ಬ ಕಡಲಿನಲ್ಲಿದ್ದಾನೆ. ಅವನನ್ನು ನನಗೆ ತೋರಿಸಿದವಳು ಸವದತ್ತಿ ಸಮೀಪದ ಹೂಲಿಯ, ಏಳನೆಯ ತರಗತಿಯ ಹುಡುಗಿ.

ಕೆಲವು ವರ್ಷಗಳ ಹಿಂದೆ ಹೂಲಿಯ ಮಕ್ಕಳೊಂದಿಗೆ ಕಾರವಾರಕ್ಕೆ ಪ್ರವಾಸ ಹೋಗಿದ್ದೆ. ಕಡಲಿನ ಇಳಿತದ ಹೊತ್ತು. ಬಂಡೆಗಳ ನಡುವಿನ ನೀರಿನಲ್ಲಿ ಆಕೆಗೆ ಒಂದು ಸಿಂಪಿ ಚಿಪ್ಪು ಸಿಕ್ಕಿತು. ಅದಕ್ಕೆ ಬಿಳಿಯ, ಸೊಟ್ಟಸೊಟ್ಟ ಕೊಳವೆಗಳು ಅಂಟಿಕೊಂಡಿದ್ದವು.

"ಸರ್, ಇದರಾಗ ಏನೈತ್ರಿ?" ಎಂದಳು.

"ಏನಿಲ್ಲವ್ವ, ಬರೀ ಸುಣ್ಣ" ಎಂದು ಹೇಳಿ, ಉಗುರಿನಿಂದ ಒಂದು ಕೊಳವೆಯನ್ನು ಕೆರೆದು ಮುರಿದೆ.

ಅವಳಿಗೆ ಸಮಾಧಾನವಾಗಲಿಲ್ಲ. ಡಬ್ಬಿಯಲ್ಲಿ ಸಮುದ್ರದ ನೀರು ತುಂಬಿ, ಚಿಪ್ಪನ್ನು ಅದರಲ್ಲಿಟ್ಟು ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿನಲ್ಲೇ ಕೂಗಿ ಕರೆದಳು. ಕೊಳವೆಯ ಬಾಯಿಂದ ಪುಟ್ಟ ಬೀಸಣಿಗೆಯಂತೆ ಗರಿಗಳು ಅರಳಿದ್ದವು! ನೋಡಲು ನಾನು ಬಗ್ಗಿದೆ. ನನ್ನ ನೆರಳು ಬಿದ್ದದ್ದೇ ತಡ, ಗರಿಗಳು ಒಳಗೆ ಮಾಯ!

ಅದು ಸರ್ಪುಲಿಡ್ ಗುಂಪಿನ ಕೊಳವೆಹುಳು. ಎರೆಹುಳುವಿನಂತೆ ಇದರ ದೇಹವೂ ಉಂಗುರ ಉಂಗುರವಾಗಿದೆ. ಎರಡೂ ವಲಯವಂತಗಳೆಂಬ ಪ್ರಾಣಿವಂಶಕ್ಕೆ ಸೇರಿವೆ. ಹುಳು ತಾನೇ ಸ್ರವಿಸುವ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕೊಳವೆ ಕಟ್ಟುತ್ತದೆ. ತಲೆಯ ಮೇಲಿನ ಗರಿಗಳಿಂದಲೇ ಅದರ ಉಸಿರಾಟ ಮತ್ತು ಊಟ. ಗರಿಗಳಲ್ಲಿರುವ ಸೂಕ್ಷ್ಮ ರೋಮಗಳು ಸದಾ ಮಿಡಿಯುತ್ತ ನೀರನ್ನು ಸೆಳೆಯುತ್ತವೆ. ನೀರಿನಲ್ಲಿರುವ ಆಹಾರದ ಕಣಗಳನ್ನು ಸೋಸಿ ಬಾಯಿಗೆ ಸಾಗಿಸುತ್ತವೆ. ಇಂಥ ಅನೇಕ ಹುಳುಗಳಲ್ಲಿ ಒಂದು ಗರಿ ಬಿರಡೆಯಾಗಿ ಮಾರ್ಪಟ್ಟಿರುತ್ತದೆ. ಅಪಾಯ ಬಂದಾಗ ಹುಳು ಒಳಸರಿದು ಬಿರಡೆಯಿಂದ ಬಾಗಿಲು ಮುಚ್ಚುತ್ತದೆ.

ಮರಿಗಳು ಮೊದಲು ನೀರಿನಲ್ಲಿ ಈಜಾಡುತ್ತವೆ. ಆಮೇಲೆ ಬಂಡೆ, ಚಿಪ್ಪು ಅಥವಾ ದೋಣಿಯ ತಳಕ್ಕೆ ಅಂಟಿಕೊಂಡು ಕೊಳವೆ ಕಟ್ಟುತ್ತವೆ. ಮುಂದೆ ಅಲ್ಲಿಯೇ ಅವುಗಳ ಬಾಳು. ಹಾಗಾದರೆ ನಾನು ಉಗುರಿನಿಂದ ಮುರಿದದ್ದೇನು? ಒಂದು ಜೀವಿಯ ಮನೆ. ಎಂಎಸ್ಸಿ ಓದಿದ ನಾನು ನೋಡದೆ ಉತ್ತರ ಹೇಳಿದ್ದೆ. ಆ ಹುಡುಗಿ ನೋಡಿ ಉತ್ತರ ಕಂಡುಕೊಂಡಿದ್ದಳು. "ನನ್ನದು ತಪ್ಪಾಯ್ತವ್ವ" ಎಂದು ಎಲ್ಲರೆದುರು ಒಪ್ಪಿಕೊಂಡೆ. ಚಿಪ್ಪನ್ನು ಸಿಕ್ಕಿದ ಜಾಗದಲ್ಲೇ ನೀರಿಗೆ ಬಿಟ್ಟು ಬಂದೆವು.

ನಿಮ್ಮೂರಿಗೆ ಕಡಲು ದೂರವಿರಬಹುದು, ನೆಂಟ ಹತ್ತಿರವಿದ್ದಾನೆ. ಒಂದು ಎರೆಹುಳುವನ್ನು ದಪ್ಪ ಕಾಗದದ ಮೇಲೆ ಬಿಟ್ಟು ಕಿವಿಗೊಡಿ. ಸಣ್ಣದಾಗಿ ಕೆರೆಯುವ ಸದ್ದು ಕೇಳುತ್ತದೆಯೇ? ಅದು ಅದರ ಬಿರುಗೂದಲಿನ ಸದ್ದು. ಕೊಳವೆಹುಳುವಿಗೂ ಅಂಥ ಬಿರುಗೂದಲುಗಳಿವೆ. ಕೊಳವೆಯ ಗೋಡೆಯನ್ನು ಅವುಗಳಿಂದಲೇ ಹಿಡಿದುಕೊಳ್ಳುತ್ತದೆ. ಕೇಳಿದ ಮೇಲೆ ಎರೆಹುಳುವನ್ನು ತಡಮಾಡದೆ ಒದ್ದೆ ಮಣ್ಣಿಗೆ ಬಿಡಿ. ಅಲ್ಲಿಯೇ ಅದರ ಮನೆ.