ಡೆಶೂಟ್ಸ್ ನದಿಯಲ್ಲಿ ಒಂದಿರುಳು

ಅಮೆರಿಕ ದೇಶದ ಪಶ್ಚಿಮ ತೀರದಲ್ಲಿರುವ ಆರಿಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಬಳಿ ನಮ್ಮ ಚಿರಂಜೀವಿಯು ಉದ್ಯೋಗನಿಮಿತ್ತವಾಗಿ ನೆಲಸಿ ಒಂಬತ್ತು ವರ್ಷಗಳಾದುವು. ಕಳೆದ ವೈಶಾಖದಲ್ಲಿ ನಾವು ಸಪತ್ನೀಕರಾಗಿ ಅವನ ಮನೆಗೆ ಹೋಗಿದ್ದೆವು. ಹೋದ ಮೂರನೆಯ ದಿನ ಊಟಕ್ಕೆ ಕುಳಿತಾಗ ಮೇಜಿನ ಮೇಲೆ ತಟ್ಟೆಗಳಿಗೆ ಎಡೆಯಿಲ್ಲದಂತೆ ಒಂದು ನದಿಯ ನಕಾಶೆ ಹರಡಿಕೊಂಡಿತ್ತು. “ಅಪ್ಪ, ಈ ಸಲ ದೋಣಿಯಲ್ಲಿ ತೇಲಿಕೊಂಡು ಹೋಗಿ ಒಂದು ರಾತ್ರಿ ದಡದಲ್ಲೇ ತಂಗುವ ಯೋಚನೆ ಇದೆ. ನೀವೂ ಬರಬೇಕು” ಎಂದನು. ಏತಕ್ಕೆಂದು ಕೇಳಿದೆವು. ಟ್ರೌಟ್ ಎಂಬ ಮೀನನ್ನು ಹುಸಿನೊಣದ ಗಾಳದಿಂದ ಹಿಡಿಯುವುದಕ್ಕೆ ಎಂದನು.

ನಮ್ಮ ಮನೆಯವರು ಸಾರಿನ ಸೌಟನ್ನು ಹಿಡಿದಂತೆಯೇ ನಿಂತುಬಿಟ್ಟರು. ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೆಟ್ಟಲಿನ ಮೇಲೆ ಕುಳಿತು ಮೀನುಗಳಿಗೆ ಪುರಿ ಹಾಕಿದವರು ನಾವು. ಮಗನೂ ಹಾಕಿದವನೇ. ಆ ಕೈಯಲ್ಲಿ ಗಾಳವೇ? ಇದು ಅವರ ಆಕ್ಷೇಪ. ನಮ್ಮ ಆಕ್ಷೇಪ ಬೇರೆಯಾಗಿತ್ತು. ಅದನ್ನು ಹೇಳಬೇಕಾದರೆ ಹಳೆಯ ಸಂಗತಿಯೊಂದನ್ನು ತೆಗೆಯಬೇಕು. ಅವನಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಆಷಾಢದಲ್ಲಿ ಹೊಳೆಯ ಸೋಪಾನದಿಂದ ಜಾರಿ ನೀರಿಗೆ ಬಿದ್ದನು. ಬಟ್ಟೆ ಒಗೆಯುತ್ತಿದ್ದ ಪುಣ್ಯಾತ್ಮನೊಬ್ಬನು ಜುಟ್ಟು ಹಿಡಿದು ಎಳೆದು ಹಾಕಿದನು. ಅಂದಿನಿಂದ ನಾವು ಅವನನ್ನು ನೀರಿನ ಸಮೀಪಕ್ಕೆ ಬಿಟ್ಟವರಲ್ಲ, ಈಜನ್ನೂ ಕಲಿಸಲಿಲ್ಲ. ಅವನು ಈಜು ಕಲಿತದ್ದು ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಆ ದೇಶದಲ್ಲಿ, ಸಣ್ಣ ಮಕ್ಕಳ ಸಾಲಿನಲ್ಲಿ ನಿಂತು. ಇದು ನಮಗೆ ಅಂದಿನ ರಾತ್ರಿಯವರೆಗೂ ತಿಳಿದಿರಲಿಲ್ಲ.

ಡೆಶೂಟ್ಸ್ ಎಂಬುದು ಫ್ರೆಂಚ್ ಹೆಸರು. ತುಪ್ಪುಳದ ಚರ್ಮದ ವ್ಯಾಪಾರಕ್ಕೆ ಬಂದವರು ಇದನ್ನು ಜಲಪಾತಗಳ ನದಿಯೆಂದು ಕರೆದರು. ಕ್ಯಾಸ್ಕೇಡ್ ಪರ್ವತಗಳಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಸುಮಾರು ೨೫೦ ಮೈಲಿ ಹರಿದು ಕೊಲಂಬಿಯಾ ಮಹಾನದಿಯನ್ನು ಸೇರುವುದು. ಅಗ್ನಿಪರ್ವತಗಳು ಉಗುಳಿದ ರಂಧ್ರಮಯವಾದ ಶಿಲೆ ಹಿಮದ ನೀರನ್ನು ಹೀರಿಕೊಂಡು ಊಟೆಗಳಾಗಿ ನಿಧಾನವಾಗಿ ಹೊರಬಿಡುವುದರಿಂದ ನಮ್ಮ ಹೊಳೆಗಳಂತೆ ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬತ್ತುವ ಸ್ವಭಾವ ಇದಕ್ಕಿಲ್ಲ. ತಣ್ಣನೆಯ, ಸಮವಾದ, ಆದರೆ ಬಲವಾದ ಪ್ರವಾಹ. ಟ್ರೌಟ್ ಮೀನಿಗೆ ಬೇಕಾದುದೂ ಇಂಥ ನೀರೇ. ಇಲ್ಲಿಯದು ಪಕ್ಕೆಯಲ್ಲಿ ಕೆಂಪು ಪಟ್ಟೆಯುಳ್ಳ ಜಾತಿ. ಸ್ಥಳೀಯರು ರೆಡ್‌ಸೈಡ್ ಎನ್ನುವರು.

ಚಿರಂಜೀವಿಯ ಮೊದಲ ಯೋಜನೆಯಂತೆ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ದೋಣಿಯಿಳಿಸಿ ಮೂರು ದಿನ ತೇಲಿ ಮಾಪಿನ್ ಎಂಬ ಊರಿನಲ್ಲಿ ಹತ್ತಬೇಕಾಗಿತ್ತು. ನಕಾಶೆಯ ನಡುವೆ ಕೆಂಪು ಗುರುತೊಂದಿತ್ತು. ಏನೆಂದು ಕೇಳಿದುದಕ್ಕೆ “ವೈಟ್‌ಹಾರ್ಸ್” ಎಂದು ಮೆಲ್ಲಗೆ ಹೇಳಿದನು. ಬಂಡೆಗಳ ನಡುವೆ ನದಿ ಬಿಳಿಯ ನೊರೆಯಾಗಿ ಧುಮುಕುವ ದೀರ್ಘವಾದ ಸೆಳವು ಅದು. ಪಳಗಿದವರೂ ಮೊದಲು ದಡಕ್ಕೆ ಹತ್ತಿ ನಿಂತು ನೋಡಿಕೊಂಡೇ ಇಳಿಯುವರಂತೆ. ನಾವು ಮೂವತ್ತೆರಡು ವರ್ಷ ಮಕ್ಕಳಿಗೆ ಬಾಯಿಪಾಠ ಒಪ್ಪಿಸಿಕೊಂಡವರು. ಪ್ರಶ್ನೆ ಕೇಳುವ ಅಭ್ಯಾಸ ಹೋಗಿಲ್ಲ.

“ಹುಟ್ಟು ಹಿಡಿದದ್ದು ಎಷ್ಟು ಸಲ?”

“ನಾಲ್ಕು ಸಲ.”

“ರಾತ್ರಿಯ ಸಾಮಾನನ್ನೆಲ್ಲ ಹೇರಿದ ದೋಣಿಯನ್ನು?”

ಉತ್ತರವಿಲ್ಲ. ಅವನ ಜತೆಗೆ ಬರಲಿದ್ದ ಧಾರವಾಡದ ಕಡೆಯ ಗೆಳೆಯನಂತೂ ಹುಟ್ಟನ್ನು ಮುಟ್ಟಿದವನೇ ಅಲ್ಲ. ಬರಿಯ ದೋಣಿಗೂ ಭಾರದ ದೋಣಿಗೂ ಇರುವ ಅಂತರವನ್ನು ತಿಳಿಯಲು ನದಿಯ ಶಾಸ್ತ್ರ ಬೇಕಿಲ್ಲ, ಎತ್ತಿನ ಗಾಡಿಯನ್ನು ಕಂಡವರಿಗೂ ಗೊತ್ತು. “ಮೊದಲನೆಯ ಸಲ ಒಂದೇ ರಾತ್ರಿ, ಆ ಕೆಂಪು ಗುರುತಿಗಿಂತ ಬಹಳ ಮೊದಲೇ ಹತ್ತುವ ಹಾಗಿದ್ದರೆ ನಾವೂ ಬರುತ್ತೇವೆ” ಎಂದೆವು. ಅವನ ಮುಖ ಬಾಡಿತು. “ಅಂದೂ ಬೇಡ ಎಂದಿರಿ, ಇಂದೂ ಬೇಡ ಎನ್ನುತ್ತೀರಿ” ಎಂದು ಎದ್ದು ಹೋದನು. ಈಜಿನ ಸಂಗತಿಯನ್ನು ಸೊಸೆಯು ನಮಗೆ ಹೇಳಿದ್ದು ಆ ರಾತ್ರಿ. ನಿದ್ರೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ನಕಾಶೆಯ ಮೇಲೆ ಹೊಸ ಗುರುತು ಬಿದ್ದಿತ್ತು: ವಾರ್ಮ್ ಸ್ಪ್ರಿಂಗ್ಸ್‌ನಿಂದ ಟ್ರೌಟ್ ಕ್ರೀಕ್‌ವರೆಗೆ, ನದಿಯ ದಾರಿಯಲ್ಲಿ ಸುಮಾರು ಹತ್ತು ಮೈಲಿ. ಅವಸರಪಟ್ಟರೆ ಒಂದು ಹಗಲಿಗೆ ಮುಗಿಯುವ ದೂರ. ಮೊದಲ ಸಲ ತಂಗುವವರಿಗೆ ಅಷ್ಟೇ ಸರಿ. ಡೇರೆ ಹೂಡಲು, ಅಡಿಗೆ ಮಾಡಲು, ಗಾಳ ಬೀಸಲು ಹೊತ್ತು ಉಳಿಯುವುದು.

ಸಿದ್ಧತೆಯ ಪ್ರಕರಣ ನಮಗೆ ಬಹಳ ಹಿಡಿಸಿತು. ಆ ನದಿಯಲ್ಲಿ ತೇಲಲು ದೋಣಿಯ ಚೀಟಿ ಬೇಕು, ಮೀನಿಗೆ ಸಂಸ್ಥಾನದ ಪರವಾನಗಿ ಬೇರೆ ಬೇಕು. ಎಡದಂಡೆ ವಾರ್ಮ್ ಸ್ಪ್ರಿಂಗ್ಸ್ ಮೂಲನಿವಾಸಿಗಳ ನೆಲ. ೧೮೫೫ರ ಒಡಂಬಡಿಕೆಯಲ್ಲಿ ವಿಶಾಲವಾದ ಸೀಮೆಯನ್ನು ಬಿಟ್ಟುಕೊಟ್ಟು ಅವರು ತಮಗಾಗಿ ಉಳಿಸಿಕೊಂಡದ್ದು ಅದು. ಅವರ ಅನುಮತಿಯಿಲ್ಲದೆ ಅಲ್ಲಿ ಕಾಲಿಡತಕ್ಕದ್ದಲ್ಲ. ಆದುದರಿಂದ ತಂಗುವುದು ಬಲದಂಡೆಯಲ್ಲಿಯೇ ಎಂದು ಮೊದಲೇ ಗೊತ್ತುಮಾಡಿಕೊಂಡೆವು. ಜೂನ್ ತಿಂಗಳು ಹುಟ್ಟಿದೊಡನೆ ಕಟ್ಟಿಗೆಯ ಬೆಂಕಿಗೆ ನಿಷೇಧ. ಒಣಹುಲ್ಲಿನ ಸೀಮೆಯಾದುದರಿಂದ ಒಂದು ಕಿಡಿ ಇಡೀ ಕಣಿವೆಯನ್ನು ತಿಂದೀತು. ಅದಕ್ಕಾಗಿ ಸಣ್ಣ ಗ್ಯಾಸ್ ಒಲೆ. ಬಟ್ಟೆ ಹಾಸಿಗೆಗಳಿಗೆ ಬಾಯಿಯನ್ನು ಮೂರು ಸುತ್ತು ಮಡಿಸಿ ಬಿಗಿಯುವ ನೀರು ಹೋಗದ ಚೀಲಗಳು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೊಸರು, ತರಕಾರಿ. ಡಬ್ಬಿಯಲ್ಲಿ ಚಿತ್ರಾನ್ನದ ಗೊಜ್ಜು, ಅವಲಕ್ಕಿ, ಚಟ್ನಿಪುಡಿ. ಮನುಷ್ಯನ ಮಲವನ್ನೂ ಹಿಂದಕ್ಕೆ ಹೊತ್ತು ತರುವುದಕ್ಕೆ ಮುಚ್ಚಳ ಭದ್ರವಾದ ಪೆಟ್ಟಿಗೆಯೊಂದಿತ್ತೆಂದರೆ ವಾಚಕರು ಮೂಗು ಮುರಿಯಬಾರದು. ತಂಗುವ ಎಡೆಗಳಲ್ಲಿ ಕೆಲವು ಕಡೆ ಶೌಚಗೃಹಗಳುಂಟು, ಎಲ್ಲ ಕಡೆಯಲ್ಲಿಯೂ ಇಲ್ಲ. ಪುಣ್ಯತೀರ್ಥಗಳೆಂದು ಕೈಮುಗಿಯುವ ನಮ್ಮ ನದಿಗಳ ದಡದಲ್ಲಿ ಬೆಳಗಿನ ಹೊತ್ತು ನಾವು ಕಾಣುವುದನ್ನು ನೆನೆದು ಆ ಪೆಟ್ಟಿಗೆಗೇ ಕೈಮುಗಿಯೋಣವೆನಿಸಿತು.

ನಮ್ಮ ಮನೆಯವರು ಮಗನಿಂದ ಒಂದೇ ಭಾಷೆ ತೆಗೆದುಕೊಂಡರು: ದೋಣಿಯಲ್ಲಿರುವಷ್ಟು ಹೊತ್ತೂ ತೇಲುವ ಕವಚವನ್ನು ಯಾರೂ ಬಿಚ್ಚಕೂಡದು.

ಜೂನ್ ಮೊದಲ ವಾರದ ಒಂದು ನಸುಕಿನಲ್ಲಿ ಹೊರಟು, ೧೧,೨೦೦ ಅಡಿಗೂ ಮಿಗಿಲಾದ ಹುಡ್ ಪರ್ವತದ ಹೆಗಲ ಮೇಲೆ ಹಾದು ನೂರು ಮೈಲಿ ಹೋದೆವು. ಪರ್ವತದ ಈಚೆಗೆ ಮಲೆನಾಡನ್ನು ನಾಚಿಸುವ ದಟ್ಟವಾದ ಹಸುರು. ಆಚೆಗೆ ಇಳಿದೊಡನೆ ಚಿತ್ರದುರ್ಗದ ಸೀಮೆ. ಮಳೆಯ ಮೋಡಗಳೆಲ್ಲ ಪಡುವಣ ಇಳಿಜಾರಿನಲ್ಲಿಯೇ ಬರಿದಾಗುವುವು. ಬಾಡಿಗೆಗೆ ತಂದ ರಬ್ಬರ್ ದೋಣಿಗೆ ಗಾಳಿ ತುಂಬಿ ಭಾರವಾದ ಸಾಮಾನನ್ನು ತಳದಲ್ಲಿ ನಡುವೆಯಿಟ್ಟು ಹಗ್ಗದಿಂದ ಬಿಗಿದೆವು. ನಮ್ಮ ಮೋಟಾರನ್ನು ಕೆಳಗಿನ ದಡಕ್ಕೆ ಕೊಂಡೊಯ್ದು ನಿಲ್ಲಿಸಲು ಕೂಲಿಯವರಿದ್ದಾರೆ. ಇದು ಅಲ್ಲಿ ಒಂದು ಕಸುಬೇ ಆಗಿದೆ.

ಹರಿಗೋಲಿನವನು ಹರಿಗೋಲನ್ನು ಸುತ್ತಿಸಿ ಸುತ್ತಿಸಿ ಮುಂದೂಡುವುದನ್ನು ಕಂಡ ನಮಗೆ ಇಲ್ಲಿಯ ಹುಟ್ಟುಹಾಕುವ ಕ್ರಮ ವಿಚಿತ್ರವಾಗಿ ಕಂಡಿತು. ನಾವಿಕನು ಹೋಗುವ ದಿಕ್ಕಿಗೇ ಮುಖಮಾಡಿ ಕುಳಿತು, ಹುಟ್ಟನ್ನು ತನ್ನ ಕಡೆಗೆ ಎಳೆದು ದೋಣಿಯನ್ನು ಹಿಂದಕ್ಕೆ ತಡೆಯುವನು. ಮುಂದಕ್ಕೆ ಒಯ್ಯುವ ಕೆಲಸವನ್ನು ನದಿಯೇ ಮಾಡುವುದು. ಬಂಡೆಯ ಕಡೆಗೆ ದೋಣಿಯ ಮೂತಿಯನ್ನು ತಿರುಗಿಸಿ, ಅದರಿಂದ ದೂರಕ್ಕೆ ಹಿಂದೆಳೆಯುವುದೇ ವಿದ್ಯೆ. ಚಿರಂಜೀವಿಯು ಮೊದಲ ಮೈಲಿಯಲ್ಲಿ ಎರಡು ಸಲ ತಡವಾಗಿ ಎಳೆದು ಒಂದು ಸಲ ಬಂಡೆಯನ್ನು ಸವರಿದನು. ನಾವು ಬಾಯಿಬಿಡಲಿಲ್ಲ. ದೋಣಿಯ ಅಂಚಿನ ಹಗ್ಗವನ್ನು ನಾವು ಎಷ್ಟು ಬಿಗಿಯಾಗಿ ಹಿಡಿದಿದ್ದೆವೆಂಬುದನ್ನು ಅಂಗೈಯ ಗೆರೆಗಳು ಸಂಜೆಯವರೆಗೂ ಹೇಳುತ್ತಿದ್ದುವು.

ಇಕ್ಕೆಲದಲ್ಲಿಯೂ ಕಪ್ಪು ಶಿಲೆಯ ಗೋಡೆಗಳು. ಅಂಚಿನಲ್ಲಿ ಆಲ್ಡರ್ ಮರಗಳು. ಬಲದಂಡೆಯುದ್ದಕ್ಕೂ ಕಿತ್ತುಹಾಕಿದ ರೈಲುದಾರಿಯ ಏರಿಯೊಂದು ಜತೆಗೆ ಬರುವುದು. ೧೯೦೯ರಿಂದ ಎರಡು ವರ್ಷ ಇಬ್ಬರು ಧನಿಕರ ಕಂಪೆನಿಗಳು ಹಠಹಿಡಿದು ಈ ಕಣಿವೆಯ ಎರಡು ದಂಡೆಗಳಲ್ಲಿಯೂ ಕಂಬಿ ಹಾಕಿದುವು. ಒಂದೇ ಕಣಿವೆಗೆ ಎರಡು ರೈಲು! ಒಂದರ ಬಹುಭಾಗ ಬಿಟ್ಟುಹೋಗಿ, ಈ ಏರಿಯ ಮೇಲೆ ಈಗ ಗಾಳದವರು ನಡೆದಾಡುವರು.

ಡೆಶೂಟ್ಸ್‌ನ ವಿಶೇಷವಾದ ನಿಯಮವೆಂದರೆ ತೇಲುವ ದೋಣಿಯಿಂದ ಗಾಳ ಹಾಕಕೂಡದು. ದೋಣಿಯನ್ನು ಕಟ್ಟಿ ಕೆಳಗಿಳಿದು ಕಾಲಿನ ಮೇಲೆ ನಿಂತೇ ಹಾಕಬೇಕು. ಮೀನಿಗೆ ಇಷ್ಟಾದರೂ ಅನುಕೂಲವಿರಲೆಂದು ನಾವು ಮನಸ್ಸಿನಲ್ಲಿಯೇ ಅಂದುಕೊಂಡೆವು. ದಡಕ್ಕೆ ಹತ್ತಿದರೆ ಹುಲ್ಲಿನ ಮೇಲೂ ಕೊಂಬೆಗಳ ಮೇಲೂ ಕಿರುಬೆರಳುದ್ದದ, ಕಿತ್ತಳೆ ಬಣ್ಣದ ಹೊಟ್ಟೆಯ ಹುಳುಗಳು ತೆವಳುತ್ತಿದ್ದುವು. ಸಾಲ್ಮನ್ ನೊಣವೆಂದು ಹೆಸರು. ಮೂರು ನಾಲ್ಕು ವರ್ಷ ನೀರಿನೊಳಗೆ ಕಲ್ಲಿನಡಿಯಲ್ಲಿ ಬಾಳಿ, ಒಂದು ದಿನ ದಡಕ್ಕೆ ಹತ್ತಿ, ಬೆನ್ನಿನ ಚರ್ಮವನ್ನು ಸೀಳಿಕೊಂಡು ರೆಕ್ಕೆ ಬಿಚ್ಚುವುವು. ಆಮೇಲೆ ಕೆಲವೇ ದಿನಗಳ ಆಯುಸ್ಸು. ಒಂದು ನಮ್ಮ ತೋಳಿನ ಮೇಲೆ ಹತ್ತಿ ಕುಳಿತಿತು, ಓಡಿಸಲು ಮನಸ್ಸಾಗಲಿಲ್ಲ. ಗಾಳಿಗೆ ನೀರಿನಲ್ಲಿ ಬಿದ್ದವನ್ನು ಟ್ರೌಟ್ ನುಂಗುವುದು. ಕೊಕ್ಕೆಗೆ ಗರಿ, ಕೂದಲು, ದಾರಗಳನ್ನು ಸುತ್ತಿ ಇದರ ರೂಪವನ್ನೇ ಮಾಡುವರು. ಹುಸಿನೊಣಕ್ಕೆ ತೂಕವಿಲ್ಲದ ಕಾರಣ ಎಸೆದರೆ ದೂರ ಹೋಗದು, ತೂಕವಿರುವುದು ದಾರದಲ್ಲಿ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೀಳವಾಗಿ ಬಿಚ್ಚಿಕೊಳ್ಳುವವರೆಗೆ ಕಾದು, ಅನಂತರ ಮುಂದಕ್ಕೆ ಬೀಸಬೇಕು. ನಡುವಣ ಆ ತಡೆ ನಮ್ಮ ಕಿವಿಗೆ ಶ್ಲೋಕಪಾದದ ಯತಿಯಂತೆಯೇ ತೋರಿತು. ಧಾರವಾಡದ ಗೆಳೆಯನು ಯತಿಭಂಗ ಮಾಡಿ ಮಾಡಿ ಆಲ್ಡರ್ ಮರಕ್ಕೆ ನಾಲ್ಕು ನೊಣಗಳನ್ನು ಸಮರ್ಪಿಸಿದನು.

ಮಧ್ಯಾಹ್ನ ಮೂರರ ಸುಮಾರಿಗೆ ಚಿರಂಜೀವಿಯ ಕೋಲು ಬಾಗಿತು. ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೈಯನ್ನು ಮೊದಲು ಒದ್ದೆಮಾಡಿಕೊಂಡು (ಒಣ ಕೈ ತಗುಲಿದರೆ ಮೀನಿನ ಮೈಲೋಳೆ ಕಿತ್ತುಬರುವುದಂತೆ), ನೀರಿನಿಂದ ಮೇಲೆತ್ತದೆಯೇ ಮುಳ್ಳು ಮುರಿದ ಕೊಕ್ಕೆಯನ್ನು ಬಿಡಿಸಿದನು. ೧೪ ಅಂಗುಲವಿದ್ದೀತು. ಪಕ್ಕೆಯಲ್ಲಿ ಕುಂಕುಮದ ಒಂದು ಗೆರೆ. ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಅದು ಕಿವಿರಾಡಿಸಿ ತಾನಾಗಿ ಹೊರಟುಹೋಗುವವರೆಗೆ ಕಾದನು.

ಸಂಜೆ ಚಿತ್ರಾನ್ನದ ಮುಂದೆ ವಾದ ಎದ್ದಿತು. “ತಿನ್ನುವವನಿಗೆ ಹಸಿವಿನ ನೆಪವಾದರೂ ಉಂಟು, ಹಿಡಿದು ಬಿಡುವವನಿಗೆ ಯಾವ ನೆಪ?” ಎಂದೆವು. ಅವನು ಸಿಟ್ಟಾಗಲಿಲ್ಲ. ಮೇಲೆ ಇರುವ ಮೂರು ಅಣೆಕಟ್ಟುಗಳ ಕಥೆ ಹೇಳಿದನು. ೧೯೬೪ರಲ್ಲಿ ದೊಡ್ಡದು ಮುಗಿದ ಮೇಲೆ ಸಾಲ್ಮನ್ ಮೀನುಗಳು ತಾವು ಹುಟ್ಟಿದ ಮೇಲಣ ನೀರಿಗೆ ಹಿಂದಿರುಗುವ ದಾರಿ ಕಡಿದುಹೋಯಿತು. ಆ ದಾರಿಯನ್ನು ಮರಳಿ ತೆರೆಯಲು ಇಂದಿಗೂ ಹೆಣಗುತ್ತಿರುವರು. “ನೀರು ಎಷ್ಟು ಬೆಚ್ಚಗಾಯಿತು, ಹುಳು ಎಷ್ಟು ಕಡಮೆಯಾಯಿತು ಎಂದು ಕೇಳುತ್ತಿರುವವರಲ್ಲಿ ಈ ಗಾಳದವರೂ ಇದ್ದಾರೆ ಅಪ್ಪ. ನೋವು ಕೊಡುವುದಿಲ್ಲವೆಂದು ನಾನು ಹೇಳಲಾರೆ” ಎಂದನು. ನಮಗೆ ಆ ಕೊನೆಯ ಮಾತು ಹಿಡಿಸಿತು. ನಾವೂ ನಮ್ಮ ಕಡೆಯ ಗುಟ್ಟೊಂದನ್ನು ಬಿಟ್ಟುಕೊಟ್ಟೆವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಮತ್ಸ್ಯವಿನೋದವೂ ಒಂದು. ಗಾಳ, ದಾರ, ಯಾವ ಮೀನಿಗೆ ಯಾವ ಮೇವು ಎಂಬುದೆಲ್ಲ ಅಲ್ಲಿ ಉಂಟು. ಅಲ್ಲದೆ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ನಮ್ಮ ಕಪಿಲೆಯಲ್ಲಿಯೇ ೧೨೦ ಪೌಂಡಿನ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. “ಹಾಗಾದರೆ ನನ್ನದು ಕುಲಾಚಾರ!” ಎಂದು ನಕ್ಕನು. ಕುಲಾಚಾರವಲ್ಲ, ರಾಜರ ದುಂದು ಎಂದೆವು. ವಾದ ತೀರಲಿಲ್ಲ, ಇಂದಿಗೂ ತೀರಿಲ್ಲ.

ಕತ್ತಲಾದ ಮೇಲೆ ಚಳಿ ಇಳಿಯಿತು. ನಮ್ಮ ಹಾಸಿಗೆಯ ಚೀಲವನ್ನು ಕಟ್ಟಿದವರು ನಾವೇ. ಬಾಯಿಯನ್ನು ಒಂದೇ ಸುತ್ತು ಮಡಿಸಿದ್ದೆವೆಂದು ಆಗ ಗೊತ್ತಾಯಿತು. ಹಾಸಿಗೆಯ ಅರ್ಧ ತೊಯ್ದು ತೊಪ್ಪೆಯಾಗಿತ್ತು. ಚಿರಂಜೀವಿಯು ತನ್ನದನ್ನು ನಮಗೆ ಹಾಸಿ, ತಾನು ಇದ್ದ ಅಂಗಿಗಳನ್ನೆಲ್ಲ ತೊಟ್ಟು ಪಕ್ಕದಲ್ಲಿ ಮುದುಡಿಕೊಂಡನು. ಒಂದೇ ಡೇರೆಯಲ್ಲಿ ತಂದೆಮಕ್ಕಳು ಮಲಗಿ ಇಪ್ಪತ್ತು ವರ್ಷಗಳ ಮೇಲಾಗಿರಬೇಕು, ಅದೂ ಒಂದು ಮದುವೆಯ ಚಪ್ಪರದಡಿ. ನದಿಯ ಮೊರೆತ ಕೇಳುತ್ತ ಬಹಳ ಹೊತ್ತು ಎಚ್ಚರವಾಗಿದ್ದೆವು. ಅವನೂ ಎಚ್ಚರವಾಗಿದ್ದನೆಂದು ಉಸಿರಿನಿಂದ ತಿಳಿಯಿತು. “ಈಜು ಕಲಿಸದೆ ಇದ್ದದ್ದು ನಮ್ಮ ತಪ್ಪು” ಎಂದೆವು. ಸ್ವಲ್ಪ ಹೊತ್ತಾದ ಮೇಲೆ “ಚಳಿಯಾದರೆ ಇನ್ನೊಂದು ಶಾಲು ಇದೆ ಅಪ್ಪ” ಎಂದನು.

ನಡುರಾತ್ರಿಯಲ್ಲಿ ಎರಡು ಸಲ ಎದ್ದು ದೀಪ ಹಿಡಿದು ದೋಣಿಯ ಹಗ್ಗಗಳನ್ನು ನೋಡಿ ಬಂದನು. ಎರಡು ಹಗ್ಗ, ಎರಡು ಮರಕ್ಕೆ. ಒಂದೇ ಹಗ್ಗವನ್ನು ನಂಬಬಾರದೆಂದು ಅವನಿಗೆ ಯಾರು ಕಲಿಸಿದರೋ, ನಾವಂತೂ ಅಲ್ಲ.

ಬೆಳಗ್ಗೆ ಸ್ನಾನಕ್ಕೆ ಇಳಿಯಬೇಕೆಂದೆವು. ಕಲ್ಲುಗಳ ಮೇಲೆ ಪಾಚಿ ಎಣ್ಣೆಯಂತೆ ಜಾರುವುದು. ಅವನು ಕವಚ ತೊಡಿಸಿ, ನಮ್ಮ ಒಂದು ಕೈಗೆ ಊರುಗೋಲು ಕೊಟ್ಟು, ಇನ್ನೊಂದು ಕೈಯನ್ನು ತನ್ನ ಹೆಗಲ ಮೇಲೆ ಇರಿಸಿಕೊಂಡು, ತಾನು ಪ್ರವಾಹದ ಕಡೆಗೆ ನಿಂತನು. “ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೆ ಇನ್ನೊಂದನ್ನು ಎತ್ತಿ” ಎಂದು ಹೇಳಿಕೊಡುತ್ತ ಮೊಣಕಾಲಿನವರೆಗೆ ಕರೆದೊಯ್ದನು. ನೀರು ಮೂಳೆಗೆ ತಾಗುವಂತೆ ಕೊರೆಯುತ್ತಿತ್ತು. ಬೊಗಸೆಯಲ್ಲಿ ಮೂರು ಸಲ ತಲೆಗೆ ಹಾಕಿಕೊಂಡೆವು. ಸಂಕಲ್ಪದಲ್ಲಿ ನಮ್ಮ ನದಿಗಳ ಹೆಸರು ಹೇಳಿ ಮುಗಿಸಿ, ಈ ನೀರಿನ ಹೆಸರನ್ನೂ ಸೇರಿಸೋಣವೆಂದರೆ ಅದು ಯಾವ ವಿಭಕ್ತಿಗೂ ಒಗ್ಗಲಿಲ್ಲ.

ಹನ್ನೊಂದು ಗಂಟೆಗೆ ಟ್ರೌಟ್ ಕ್ರೀಕ್ ದಡ ಸಿಕ್ಕಿತು. ಮೋಟಾರು ಹೇಳಿದ ಎಡೆಯಲ್ಲಿಯೇ ನಿಂತಿತ್ತು. ಆ ದಡದ ಕೆಳಗೆ ನದಿ ತಿರುಗಿ ಮರೆಯಾಗುವುದು, ಅಲ್ಲಿಂದ ಇನ್ನೊಂದು ಸೆಳವಿನ ಸದ್ದು ಕೇಳುತ್ತಿತ್ತು. ಗೆಳೆಯನು ದೋಣಿಯ ಗಾಳಿ ಬಿಡುತ್ತಿರಲು ಚಿರಂಜೀವಿಯು ಆ ತಿರುವನ್ನೇ ನೋಡುತ್ತಿದ್ದನು. “ಬರುವ ವರ್ಷ ಮಾಪಿನ್‌ವರೆಗೆ?” ಎಂದು ನಾವೇ ಕೇಳಿದೆವು. ಅದಕ್ಕೆ ಮೊದಲು ಪಳಗಿದವರೊಬ್ಬರ ದೋಣಿಯಲ್ಲಿ ಕುಳಿತು ವೈಟ್‌ಹಾರ್ಸ್ ಇಳಿದು ನೋಡುವೆನೆಂದನು. ಹಾಗೆ ಮಾಡುವುದಾದರೆ ನಾವೂ ಬರುವೆವೆಂದೆವು. ಅಮ್ಮನಿಗೆ ಹೇಳಬೇಡಿರೆಂದನು. ಅವರು ಈ ಪತ್ರಿಕೆಯನ್ನು ಪ್ರತಿ ತಿಂಗಳೂ ತಪ್ಪದೆ ಓದುವರೆಂಬುದು ಅವನಿಗೆ ಮರೆತಿರಬೇಕು.