ಬಾಯಾರಿಕೆ ಮತ್ತು ದುರ್ಬಲ ಹೃದಯ



ಬೇಸಿಗೆ ಬಂದೊಡನೆ ಬೀದಿಬೀದಿಗೆ ಅರವಟ್ಟಿಗೆ ಇಡುವ ಊರು ನಮ್ಮ ಕಲಬುರಗಿ. ಬಾಯಾರಿದವರಿಗೆ ನೀರು ಕೊಡುವುದು ಪುಣ್ಯವೆಂಬುದನ್ನು ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಳತೆಯಿಟ್ಟು ನೀರು ಕೊಡುವುದೇ ಸೇವೆಯಾಗುವ ಸಂದರ್ಭವೂ ಉಂಟು.

ಕಮಲಾಪುರದಲ್ಲಿರುವ ನನ್ನ ಹಿರಿಯಣ್ಣನವರಿಗೆ ಹಲವು ವರ್ಷಗಳಿಂದ ಹೃದಯ ದೌರ್ಬಲ್ಯ. ಕಳೆದ ಬೇಸಿಗೆಯಲ್ಲಿ ಅವರಿಗೆ ಮಂಕು ಕವಿದು, ದಿನವಾರಗಳ ಗೊತ್ತು ತಪ್ಪಿತು. ಕಲಬುರಗಿಗೆ ಕರೆತಂದು ಪರೀಕ್ಷಿಸಿದಾಗ, ರಕ್ತದಲ್ಲಿ 135ರಿಂದ 145ರವರೆಗೆ ಇರಬೇಕಾದ ಸೋಡಿಯಂ 121ಕ್ಕೆ ಇಳಿದಿತ್ತು. “ಉಪ್ಪು ಕಡಿಮೆಯಾಗಿದೆಯಂತೆ, ಮಜ್ಜಿಗೆಗೆ ಉಪ್ಪು ಬೆರೆಸಿ ಧಾರಾಳವಾಗಿ ಕುಡಿಸಿರಿ” ಎಂದರು ಬಂಧುಗಳು. ಮಾತು ಪ್ರೀತಿಯದೇ, ವೈದ್ಯರು ಮಾತ್ರ ಅದನ್ನು ಬಲವಾಗಿ ತಡೆದರು.

ಕಾರಣವನ್ನು ತಾವೂ ತಿಳಿಯಬೇಕು. ಹೃದಯವು ಸಾಕಷ್ಟು ರಕ್ತವನ್ನು ನೂಕದಿದ್ದಾಗ ದೇಹವು ನೀರೇ ಕಡಿಮೆಯಾಯಿತೆಂದು ಭ್ರಮಿಸುತ್ತದೆ. ವ್ಯಾಸೊಪ್ರೆಸಿನ್ ಎಂಬ ರಸವು ಹೆಚ್ಚಿ, ಮೂತ್ರಪಿಂಡಗಳು ನೀರನ್ನು ಹಿಡಿದಿಡುತ್ತವೆ, ಬಾಯಾರಿಕೆಯೂ ಹೆಚ್ಚುತ್ತದೆ. ನೀರು ಹೆಚ್ಚು ಬಿದ್ದ ಸಾರು ಸಪ್ಪೆಯಾಗುವಂತೆ ರಕ್ತದ ಸೋಡಿಯಂ ತೆಳುವಾಗುತ್ತದೆ. ದೇಹದ ಒಟ್ಟು ಉಪ್ಪು ಮಾತ್ರ ಬಹಳ ಸಲ ಹೆಚ್ಚಾಗಿಯೇ ಇರುತ್ತದೆ. ಕಾಲಿನ ಬಾವು ಅದಕ್ಕೆ ಸಾಕ್ಷಿ. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಸೋಡಿಯಂ ಇಳಿಯುವುದುಂಟು. ಆದುದರಿಂದ ಕಾರಣವನ್ನು ವೈದ್ಯರೇ ನಿರ್ಣಯಿಸಬೇಕು. ಏರಿಸುವುದೂ ನಿಧಾನವಾಗಿಯೇ: ಒಂದೇ ದಿನದಲ್ಲಿ ಅತಿಯಾಗಿ ಏರಿದರೆ ಮೆದುಳಿಗೆ ಹಾನಿ.

ಹೃದಯಕ್ಕೆ ನೆರವಾಗುವ ಪಂಪನ್ನು ಶಸ್ತ್ರಚಿಕಿತ್ಸೆಯಿಂದ ಅಳವಡಿಸಿಕೊಂಡವರಿಗೂ ಈ ಎಚ್ಚರ ತಪ್ಪದು. ನೀರು ಹೆಚ್ಚಾದರೆ ಬಾವು. ತೀರ ಕಡಿಮೆಯಾದರೆ ಪಂಪಿಗೆ ರಕ್ತವೇ ಸಾಲದು.

ಈಗ ಅತ್ತಿಗೆಯವರು ವೈದ್ಯರು ವಿಧಿಸಿದ ಒಂದೂವರೆ ಲೀಟರು ನೀರನ್ನು ಮುಂಜಾನೆಯೇ ಪಾತ್ರೆಯೊಂದರಲ್ಲಿ ತುಂಬಿಡುತ್ತಾರೆ. ಚಹಾ, ಮಜ್ಜಿಗೆ, ಸಾರು ಏನು ಕೊಟ್ಟರೂ ಅಷ್ಟು ನೀರನ್ನು ಅದರಿಂದ ತೆಗೆಯುತ್ತಾರೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲು ಹೇಳುತ್ತಾರೆ. ಜೋಳದ ರೊಟ್ಟಿ, ಪಲ್ಯ ಉಂಟು; ಉಪ್ಪಿನಕಾಯಿ, ಹಪ್ಪಳಗಳಿಲ್ಲ. ಸೈಂಧವ ಲವಣವೂ ಉಪ್ಪೇ. ಬದಲಿ ಉಪ್ಪಿನಲ್ಲಿಯೂ ನಮ್ಮೂರಿನ ಹೆಸರಾಂತ ಕೆಂಪು ಬಾಳೆಯಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಕೇಳದೆ ಕೊಡುವಂತಿಲ್ಲ. ಪ್ರತಿನಿತ್ಯ ಮುಂಜಾನೆ ತೂಕ ನೋಡಿ ಬರೆದಿಡುತ್ತಾರೆ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ವೈದ್ಯರಿಗೆ ತಿಳಿಸಬೇಕು. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು ಕಲಬುರಗಿಯಲ್ಲಿಯೇ ಉದ್ಘಾಟನೆಯಾದುದು ನಮ್ಮ ಭಾಗದವರ ಭಾಗ್ಯ.

ಎಲ್ಲಕ್ಕಿಂತ ಕಠಿಣವಾದುದು, ಅಣ್ಣನವರು “ಇನ್ನೊಂದು ಗುಟುಕು” ಎಂದು ಕೈಚಾಚಿದಾಗ ಇಲ್ಲವೆನ್ನುವುದು. ಅತ್ತಿಗೆಯವರು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದೇನೆ. ದಾಸೋಹವೆಂದರೆ ಕೇಳಿದ್ದೆಲ್ಲವನ್ನು ನೀಡುವುದಲ್ಲ, ಎದುರಿಗಿರುವ ಜೀವಕ್ಕೆ ಹಿತವಾದುದನ್ನು ನೀಡುವುದೆಂದು ಅವರ ಕೈಯಳತೆಯಿಂದ ನಾನು ಅರಿತೆನು. ಇಂಥ ರೋಗಿಗಳಿರುವ ಮನೆಗೆ ತಾವು ಹೋದಾಗ ಒತ್ತಾಯದ ಉಪಚಾರ ಮಾಡದಿರಿ. ಆರೈಕೆ ಮಾಡುವವರಿಗೆ ಎರಡು ಧೈರ್ಯದ ಮಾತು ಹೇಳಿರಿ.