ಐದು ಸೆಕೆಂಡಿನಲ್ಲಿ ಮಾಯುವ ಗಾಯ

ನನ್ನ ಸೋದರಮಾವ ಸೈನ್ಯದಿಂದ ನಿವೃತ್ತರಾಗಿ ಹಾಸನದ ನಮ್ಮ ಮನೆಗೆ ಬಂದದ್ದು 2006ರಲ್ಲಿ. ಎಡಗಾಲನ್ನು ತುಸು ಎಳೆದುಕೊಂಡು ನಡೆಯುತ್ತಿದ್ದರು. ತೊಡೆಗೆ ಗುಂಡು ಬಿದ್ದಿತ್ತು ಎಂಬುದಷ್ಟೇ ನಮಗೆ ಗೊತ್ತಿತ್ತು. ಎಲ್ಲಿ, ಹೇಗೆ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಆಗ ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಓದುವ ನೆಪದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಯುದ್ಧ ಮಾಡುತ್ತಿದ್ದೆ.

ಈ ಬಂದೂಕಿನ ಆಟಗಳ ಹುಚ್ಚು ಹತ್ತಿದ್ದು ಎಂಟನೇ ಕ್ಲಾಸಿನಲ್ಲಿ. ಕಂಪ್ಯೂಟರ್ ಕ್ಲಾಸಿನ ಹಿರಿಯ ಹುಡುಗನೊಬ್ಬ ಫ್ಲಾಪಿಯಲ್ಲಿ 'ಡೂಮ್' ತಂದಿದ್ದ. 1993ರ ಆಟ ಅದು. ಆಟಗಾರನ ಕೈ ಮತ್ತು ಬಂದೂಕು ಮಾತ್ರ ಕಾಣುತ್ತವೆ, ಉಳಿದದ್ದೆಲ್ಲ ಅವನ ಕಣ್ಣಿಗೆ ಕಂಡ ಲೋಕ. ತಲೆಯೆತ್ತಿ ಮೇಲೆ ನೋಡಲೂ ಅದರಲ್ಲಿ ಬರುತ್ತಿರಲಿಲ್ಲ. ಎದುರಾಳಿಗಳು ಮನುಷ್ಯರಿಗಿಂತ ಹೆಚ್ಚಾಗಿ ರಾಕ್ಷಸರು. ಪರದೆಯ ಕೆಳಗೆ ನಾಯಕನ ಪುಟ್ಟ ಮುಖ. ಏಟು ಬಿದ್ದಂತೆಲ್ಲ ಆ ಮುಖ ರಕ್ತಸಿಕ್ತವಾಗುತ್ತಿತ್ತು, ಪಕ್ಕದ ಅಂಕಿ ನೂರರಿಂದ ಇಳಿಯುತ್ತಿತ್ತು. ಔಷಧದ ಪೆಟ್ಟಿಗೆ ಸಿಕ್ಕರೆ 25 ಅಂಕ ವಾಪಸು. ಸಿಗದಿದ್ದರೆ ಗಾಯ ಹೊತ್ತುಕೊಂಡೇ ಮುಂದೆ ನಡೆಯಬೇಕು. ಕೊಂದವರ ಹೆಣಗಳು ಬಿದ್ದಲ್ಲೇ ಬಿದ್ದಿರುತ್ತಿದ್ದವು.

ಪಿಯುಸಿ ಮುಗಿಯುವ ಹೊತ್ತಿಗೆ ಸೈಬರ್ ಕೆಫೆಯಲ್ಲಿ 'ಕೌಂಟರ್ ಸ್ಟ್ರೈಕ್' ಬಂತು. 1998ರ 'ಹಾಫ್ ಲೈಫ್' ಆಟವನ್ನು ಅಭಿಮಾನಿಗಳು ತಿದ್ದಿ ಕಟ್ಟಿದ ಆಟ ಅದು. ರಾಕ್ಷಸರು ಹೋಗಿ, ಪಕ್ಕದ ಕುರ್ಚಿಯ ಗೆಳೆಯನೇ ಶತ್ರುವಾದ. ಅದರಲ್ಲಿ ಔಷಧದ ಪೆಟ್ಟಿಗೆಯೂ ಇಲ್ಲ. ಸತ್ತರೆ ಆ ಸುತ್ತು ಮುಗಿಯುವವರೆಗೆ ಸುಮ್ಮನೆ ಕೂತು ಉಳಿದವರ ಆಟ ನೋಡಬೇಕು. ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟವನಿಗೆ ಸಾವು ನಿಜವಾಗಿಯೂ ದುಬಾರಿ.

2001ರ 'ಹೇಲೋ' ಆಟದಲ್ಲಿ ನಾಯಕನ ರಕ್ಷಾಕವಚ ತಾನಾಗಿ ತುಂಬಿಕೊಳ್ಳುತ್ತಿತ್ತು. 2005ರ 'ಕಾಲ್ ಆಫ್ ಡ್ಯೂಟಿ 2' ಬರುವಷ್ಟರಲ್ಲಿ ಮೈಯೇ ತಾನಾಗಿ ವಾಸಿಯಾಗತೊಡಗಿತು. ಅಂಕಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಗುಂಡು ತಗುಲಿದರೆ ಪರದೆ ಕೆಂಪಾಗುತ್ತದೆ, ಏದುಸಿರು ಕೇಳುತ್ತದೆ. ಗೋಡೆಯ ಮರೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಎಲ್ಲವೂ ಮೊದಲಿನಂತೆ. ಹುಡುಕುವ ಕಷ್ಟ ತಪ್ಪಿತೆಂದು ನಮಗೆಲ್ಲ ಖುಷಿಯೋ ಖುಷಿ.

ಒಂದು ಸಂಜೆ ಮಾವ ಕಾಫಿ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತರು. ಸ್ಟಾಲಿನ್‌ಗ್ರಾಡಿನ ಹಿಮದಲ್ಲಿ ನನಗೆ ಗುಂಡು ಬಿದ್ದಿತ್ತು. ಇಟ್ಟಿಗೆ ಗೋಡೆಯ ಹಿಂದೆ ಅವಿತೆ. ಪರದೆ ತಿಳಿಯಾಯಿತು. ಮತ್ತೆ ಎದ್ದು ಓಡಿದೆ.

“ಅಷ್ಟೇನಾ?” ಅಂದರು ಮಾವ.

“ಏನು ಮಾವ?”

“ಗುಂಡು ಬಿತ್ತಲ್ಲೋ. ವಾಸಿಯಾಯ್ತಾ?”

“ಐದು ಸೆಕೆಂಡ್ ಅವಿತುಕೊಂಡ್ರೆ ಸಾಕು ಮಾವ.”

ಅವರು ನಕ್ಕರು. ಗೇಲಿಯ ನಗು ಅಲ್ಲ. “ಒಳ್ಳೇದು ಬಿಡು” ಎಂದು ಕಾಲೆಳೆದುಕೊಂಡು ಹೊರಗೆ ಹೋದರು. ಹೊರಗೆ ಮಳೆ ಹಿಡಿದಿತ್ತು. ಮಳೆಗಾಲದಲ್ಲಿ ಅವರ ತೊಡೆ ಸೆಳೆಯುತ್ತಿತ್ತು. ಅಮ್ಮ ಹರಳುಪ್ಪಿನ ಗಂಟು ಬಿಸಿ ಮಾಡುತ್ತಿದ್ದ ವಾಸನೆ ಅಡುಗೆಮನೆಯಿಂದ ಬಂತು. ಆ ಸಂಜೆ ನಾನು ಆಟ ಮುಂದುವರಿಸಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಎರಡು ವರ್ಷದ ನಂತರ 'ಫಾರ್ ಕ್ರೈ 2' ಬಂತು. ಅದರಲ್ಲಿ ನಾಯಕ ಇಕ್ಕಳದಿಂದ ತನ್ನ ಕಾಲಿನ ಗುಂಡನ್ನು ತಾನೇ ಕಿತ್ತು ತೆಗೆಯುತ್ತಾನೆ. ಆಟಗಳು ನೋವನ್ನೂ ತೋರಿಸತೊಡಗಿದವಲ್ಲ ಎಂದು ಮಾವನನ್ನು ಕರೆದು ತೋರಿಸಿದೆ. ಅವರು ಅರ್ಧಕ್ಕೇ ಎದ್ದು ಹೋದರು. ರಾತ್ರಿ ಊಟಕ್ಕೂ ಬರಲಿಲ್ಲ. ನಿಜದಂತೆ ಕಾಣುವುದೇ ದೊಡ್ಡ ಸಂಗತಿ ಎಂದುಕೊಂಡಿದ್ದೆ. ಯಾರಿಗೆ ತೋರಿಸುತ್ತಿದ್ದೇನೆ ಎಂದು ಯೋಚಿಸಿರಲಿಲ್ಲ. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ.

ಮಾವ ತೀರಿಕೊಂಡು ಈಗ ನಾಲ್ಕು ವರ್ಷ. ನನ್ನ ಮಗ ಮೊಬೈಲಿನಲ್ಲಿ ಆಡುತ್ತಾನೆ, ಅವನ ಶತ್ರುಗಳು ಯಾವ ಊರಿನವರೋ. ಬೇಡ ಎನ್ನಲು ನನಗೆ ಬಾಯಿಲ್ಲ, ನಾನೂ ಆಡಿ ಬೆಳೆದವನೇ. ಅವನು ಗೋಡೆಯ ಮರೆಯಲ್ಲಿ ಕೂತು ಮೈ ಸರಿಮಾಡಿಕೊಳ್ಳುವಾಗ ನಾನು ಒಂದು, ಎರಡು, ಮೂರು ಎಂದು ಎಣಿಸುತ್ತಿರುತ್ತೇನೆ. “ಯಾಕಪ್ಪಾ ಎಣಿಸ್ತೀಯ?” ಎಂದು ಮೊನ್ನೆ ಕೇಳಿದ. ಮೊಬೈಲ್ ಪಕ್ಕಕ್ಕಿಡಿಸಿ, ಅವನಿಗೆ ಅವನ ಅಜ್ಜನ ಕಾಲಿನ ಕತೆ ಹೇಳಿದೆ. ನನಗೆ ಗೊತ್ತಿದ್ದಷ್ಟು.